ಆಕ್ಸಿಲರೇಟರ್ ಒತ್ತಿದಾಗ ಕಾರಿನ ಸ್ಪೀಕರ್ 'ಕುಂಯ್' ಎನ್ನುವುದೇಕೆ? ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆಯೇ?

"ಕಾರಿನ ಮ್ಯೂಸಿಕ್ ಸಿಸ್ಟಮ್‌ನಲ್ಲಿ ಕುಂಯ್ ಎಂಬ ಸದ್ದು ಬರುತ್ತಿದೆಯಾ? ಒಂದು ಕೆಪಾಸಿಟರ್ ಹಾಕಿ, ಎಲ್ಲ ಮಾಯ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಒಂದು ಸೈಜ್ ದೊಡ್ಡದು ಹಾಕಿ." ಇಂಥ ಸಲಹೆಗಳು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಅನ್ನಪೂರ್ಣೇಶ್ವರಿ ನಗರದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, "ಇದು ನಿಜವೇ?" ಎಂದು ಕೇಳಿದ್ದಾರೆ. ಅವರು ಜೆ.ಸಿ. ರಸ್ತೆಯಲ್ಲಿ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಕೊಂಡು, ಭಾನುವಾರ ಮನೆಯ ಮುಂದೆ ತಾವೇ ಜೋಡಿಸಿದ್ದಾರೆ. ಎಂಜಿನ್ ಆಫ್ ಇದ್ದಾಗ ಹಾಡು ಚೆನ್ನಾಗಿ ಕೇಳುತ್ತದೆ. ರಿಂಗ್ ರೋಡಿಗೆ ಇಳಿದು ವೇಗ ಹೆಚ್ಚಿಸಿದರೆ ಹಾಡಿನ ಹಿಂದೆ ಒಂದು ಕೀರಲು ದನಿ ಕೂಡ ಏರುತ್ತದೆ.

ಚಿಕ್ಕ ಉತ್ತರ: ಕೆಪಾಸಿಟರ್ ಸಲಹೆ ಬಹುಪಾಲು ತಪ್ಪು, ಹೆಚ್ಚೆಂದರೆ ದುಡ್ಡು ದಂಡ. ದೊಡ್ಡ ಫ್ಯೂಸ್ ಹಾಕುವ ಸಲಹೆ ಮಾತ್ರ ನಿಜಕ್ಕೂ ಅಪಾಯಕಾರಿ, ಕಾರಿಗೆ ಬೆಂಕಿ ಹೊತ್ತಿಸಬಲ್ಲದು. ಇಂಥ ಸದ್ದಿನ ಮೂಲವನ್ನು ಹೆಚ್ಚಿನ ಸಲ ಒಂದು ರೂಪಾಯಿ ಖರ್ಚಿಲ್ಲದೆ ಪತ್ತೆ ಮಾಡಬಹುದು. ಹೇಗೆಂದು ನೋಡೋಣ.

ಈ ಸದ್ದು ಹುಟ್ಟುವುದೆಲ್ಲಿ?

ಎಂಜಿನ್ ಓಡುತ್ತಿರುವಾಗ ಕಾರಿಗೆ ವಿದ್ಯುತ್ ಕೊಡುವುದು ಬ್ಯಾಟರಿಯಲ್ಲ, ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟ್ ಇದನ್ನು ತಿರುಗಿಸುತ್ತದೆ. ಇದು ತಯಾರಿಸುವುದು ಮೂರು ಫೇಸ್‌ನ ಎಸಿ ವಿದ್ಯುತ್. ಅದರೊಳಗಿನ ಡಯೋಡ್‌ಗಳು ಇದನ್ನು ಡಿಸಿ ಮಾಡುತ್ತವೆ. ಆದರೆ ಈ ಡಿಸಿ ಪೂರ್ತಿ ನಯವಾಗಿರುವುದಿಲ್ಲ, ಮೇಲೆ ಸಣ್ಣ ಸಣ್ಣ ಅಲೆಗಳು ಉಳಿದಿರುತ್ತವೆ.

ಲೆಕ್ಕ ಹಾಕಿದರೆ ಸದ್ದಿನ ಗುಟ್ಟು ತಿಳಿಯುತ್ತದೆ. ಸಾಮಾನ್ಯ ಆಲ್ಟರ್ನೇಟರ್‌ನಲ್ಲಿ 12 ಕಾಂತೀಯ ಧ್ರುವಗಳು, ಅಂದರೆ 6 ಜೋಡಿ. ಪ್ರತಿ ಜೋಡಿಗೆ 6 ಅಲೆಗಳಂತೆ ಒಂದು ಸುತ್ತಿಗೆ 36 ಅಲೆಗಳು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಾ ಐಡಲ್ ಆಗಿದ್ದಾಗ, ಪುಲ್ಲಿಯ ಅಳತೆಯಿಂದಾಗಿ ಆಲ್ಟರ್ನೇಟರ್ ಸುಮಾರು ಎರಡೂವರೆ ಪಟ್ಟು, ಅಂದರೆ 2000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಆಗ ಸೆಕೆಂಡಿಗೆ ಸುಮಾರು 1200 ಅಲೆ. ಎಂಜಿನ್ 2000 ಸುತ್ತಿಗೆ ಏರಿದರೆ ಸೆಕೆಂಡಿಗೆ 3000 ಅಲೆ. ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಜ್ ನಡುವೆ. ಹೀಗಾಗಿ ಅತಿ ಚಿಕ್ಕ ಅಲೆಯೂ ನಮಗೆ 'ಕುಂಯ್' ಎಂದು ಸ್ಪಷ್ಟವಾಗಿ ಕೇಳುತ್ತದೆ, ಆಕ್ಸಿಲರೇಟರ್ ಜತೆಗೇ ಅದರ ಸ್ವರ ಏರಿಳಿಯುತ್ತದೆ.

ಈ ಅಲೆ ಎಲ್ಲ ಕಾರಿನಲ್ಲೂ ಇರುತ್ತದೆ. ಕಂಪನಿಯಿಂದ ಬಂದ ಸ್ಟೀರಿಯೊದಲ್ಲಿ ಕೇಳದ್ದು ನಾವು ಜೋಡಿಸಿದ್ದರಲ್ಲಿ ಯಾಕೆ ಕೇಳುತ್ತದೆ?

ಸದ್ದು ಸ್ಪೀಕರ್‌ಗೆ ಬರುವ ದಾರಿ

ಕಾರಿನಲ್ಲಿ ಪ್ರತಿ ಉಪಕರಣಕ್ಕೂ ಬ್ಯಾಟರಿಯಿಂದ ಎರಡು ವೈರ್ ಬರುವುದಿಲ್ಲ. ಪಾಸಿಟಿವ್‌ಗೆ ಮಾತ್ರ ವೈರ್, ನೆಗೆಟಿವ್‌ಗೆ ಕಾರಿನ ಕಬ್ಬಿಣದ ಬಾಡಿಯೇ ದಾರಿ. ಮೆಕ್ಯಾನಿಕ್‌ಗಳು ಅರ್ತ್ ಎನ್ನುವುದು ಇದನ್ನೇ. ಹೆಡ್‌ಲೈಟ್, ಫ್ಯಾನ್, ವೈಪರ್, ಆಲ್ಟರ್ನೇಟರ್ ಎಲ್ಲದರ ಕರೆಂಟ್ ಈ ಬಾಡಿಯ ಮೂಲಕವೇ ವಾಪಸ್ ಹೋಗುತ್ತದೆ.

ಇದನ್ನು ಇಡೀ ಬೀದಿಗೆ ಇರುವ ಒಂದೇ ಚರಂಡಿ ಎಂದುಕೊಳ್ಳಿ. ಮೇಲಿನ ಮನೆಯವರು ಜೋರಾಗಿ ನೀರು ಬಿಟ್ಟರೆ ನಿಮ್ಮ ಮನೆ ಮುಂದೆಯೂ ನೀರಿನ ಮಟ್ಟ ಏರುತ್ತದೆ. ಹಾಗೆಯೇ ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೀರಿಯೊ ಒಂದು ಕಡೆ ಅರ್ತ್ ಆಗಿರುತ್ತದೆ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇನ್ನೊಂದು ಕಡೆ. ಎರಡು ಕಡೆಯ ಮಟ್ಟ ಸಮವಾಗಿಲ್ಲದಿದ್ದರೆ, ಇವೆರಡನ್ನೂ ಸೇರಿಸುವ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಆ ವ್ಯತ್ಯಾಸದ ಕರೆಂಟ್ ಹರಿಯುತ್ತದೆ. ಆಂಪ್ಲಿಫೈಯರ್‌ಗೆ ಅದು ಹಾಡೋ ಗದ್ದಲವೋ ಗೊತ್ತಾಗುವುದಿಲ್ಲ. ಎರಡನ್ನೂ ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು.

ಮನೆಯಲ್ಲಿ ಜೋಡಿಸುವಾಗ ಆಗುವ ಸಾಮಾನ್ಯ ತಪ್ಪು ಇಲ್ಲೇ: ಅರ್ತ್ ವೈರನ್ನು ಪೇಂಟ್ ಮೇಲೆಯೇ ಬಿಗಿಯುವುದು, ಅಥವಾ ಸೀಟ್ ಬೆಲ್ಟ್ ಬೋಲ್ಟ್‌ಗೆ ಸಿಕ್ಕಿಸುವುದು. ಪೇಂಟ್ ವಿದ್ಯುತ್ತನ್ನು ತಡೆಯುತ್ತದೆ. ಆ ಜಾಗದಲ್ಲಿ ಕೇವಲ 0.1 ಓಮ್ ತಡೆ ಇದ್ದು 20 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಸ್ಟೀರಿಯೊದಿಂದ ಬರುವ ಹಾಡಿನ ಸಿಗ್ನಲ್ ಹೆಚ್ಚಿನ ಹೊತ್ತು ಅಷ್ಟೂ ಇರುವುದಿಲ್ಲ.

ಖರ್ಚಿಲ್ಲದ ಪರೀಕ್ಷೆ: ದಾರಿಯನ್ನು ತುಂಡು ತುಂಡಾಗಿ ನೋಡಿ

ಮೊದಲು ಒಂದು ಎಚ್ಚರಿಕೆ. ಈ ಪರೀಕ್ಷೆಗಳಿಗೆ ಎಂಜಿನ್ ಓಡುತ್ತಿರಬೇಕು. ಬೇಸ್‌ಮೆಂಟ್‌ನಲ್ಲಿ ಅಥವಾ ಶಟರ್ ಹಾಕಿದ ಗ್ಯಾರೇಜಿನಲ್ಲಿ ಇದನ್ನು ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪಿಸುತ್ತದೆ. ಕಾರನ್ನು ಬಯಲಿಗೆ ತನ್ನಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

1. ಫೋನ್ ಪರೀಕ್ಷೆ. ಫೋನನ್ನು ಕಾರಿನ ಚಾರ್ಜರ್‌ಗೆ ಹಾಕಿ, ಅದೇ ಫೋನಿನಿಂದ ಆಕ್ಸ್ ಕೇಬಲ್‌ನಲ್ಲಿ ಹಾಡು ಕೇಳುತ್ತಿದ್ದೀರಾ? ಚಾರ್ಜರ್ ತೆಗೆಯಿರಿ. ಸದ್ದು ನಿಂತರೆ ಗ್ರೌಂಡ್ ಲೂಪ್ ಆಗಿರುವುದು ಆ ಚಾರ್ಜರ್ ಮತ್ತು ಆಕ್ಸ್ ಕೇಬಲ್ ನಡುವೆ. ಬ್ಲೂಟೂತ್ ಬಳಸಿ, ಕೆಲಸ ಮುಗಿಯಿತು. ವೈರ್ ಇಲ್ಲದಿದ್ದರೆ ಲೂಪ್ ಕೂಡ ಇಲ್ಲ.

2. ಸದ್ದು ಹಾಗೇ ಇದ್ದರೆ, ಎಲ್ಲ ಆಫ್ ಮಾಡಿ ಆಂಪ್ಲಿಫೈಯರ್‌ನಿಂದ ಆರ್‌ಸಿಎ ಕೇಬಲ್‌ಗಳನ್ನು ಕಳಚಿ. ಆನ್ ಇದ್ದಾಗ ಕಳಚಿದರೆ ಸ್ಪೀಕರ್ ಹಾಳಾಗಬಹುದು. ಈಗ ಎಂಜಿನ್ ಸ್ಟಾರ್ಟ್ ಮಾಡಿ. ಆಗಲೂ ಸದ್ದು ಬಂದರೆ ತೊಂದರೆ ಇರುವುದು ಆಂಪ್ಲಿಫೈಯರ್, ಅದರ ಅರ್ತ್ ಅಥವಾ ಸ್ಪೀಕರ್ ವೈರ್‌ನಲ್ಲಿ. ಸದ್ದು ನಿಂತರೆ ಅದು ಬರುತ್ತಿರುವುದು ಸ್ಟೀರಿಯೊ ಅಥವಾ ಕೇಬಲ್ ಕಡೆಯಿಂದ.

3. ಚಾರ್ಜರ್‌ಗೆ ಹಾಕದ ಫೋನನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಿ. ಹೆಡ್‌ಫೋನ್ ಪಿನ್‌ನಿಂದ ಆರ್‌ಸಿಎಗೆ ಹೋಗುವ ಸಾಮಾನ್ಯ ಕೇಬಲ್ ಸಾಕು. ಫೋನಿನ ವಾಲ್ಯೂಮ್ ಕಡಿಮೆಯಿಂದ ಶುರು ಮಾಡಿ. ಹಾಡು ಶುದ್ಧವಾಗಿ ಕೇಳಿದರೆ ಆಂಪ್ಲಿಫೈಯರ್ ನಿರಪರಾಧಿ.

4. ಈಗ ಉಳಿದಿದ್ದು ಕೇಬಲ್ ಮತ್ತು ಸ್ಟೀರಿಯೊ. ಬೇರೊಂದು ಆರ್‌ಸಿಎ ಕೇಬಲನ್ನು ಸೀಟಿನ ಮೇಲಿಂದಲೇ ತಾತ್ಕಾಲಿಕವಾಗಿ ಎಳೆದು ನೋಡಿ. ಸದ್ದು ಹೋದರೆ ಹಳೆಯ ಕೇಬಲ್ ಹಾಳಾಗಿದೆ, ಅಥವಾ ಅದು ಬ್ಯಾಟರಿಯ ದಪ್ಪ ವೈರ್‌ಗೆ ಅಂಟಿಕೊಂಡೇ ಹೋಗಿದೆ. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗುವುದು ಒಳ್ಳೆಯದು.

5. ಅದಕ್ಕೂ ಬಗ್ಗದಿದ್ದರೆ ಒಂದು ತುಂಡು ವೈರ್ ತೆಗೆದುಕೊಂಡು, ಸ್ಟೀರಿಯೊದ ಹಿಂದೆ ಆರ್‌ಸಿಎ ಪ್ಲಗ್‌ನ ಹೊರ ಉಂಗುರವನ್ನು ಸ್ಟೀರಿಯೊದ ಲೋಹದ ಡಬ್ಬಕ್ಕೆ ತಾಗಿಸಿ. ಸದ್ದು ತಟ್ಟನೆ ನಿಂತರೆ ಸ್ಟೀರಿಯೊ ಒಳಗಿನ ಸಣ್ಣ ಗ್ರೌಂಡ್ ಸಂಪರ್ಕ ಸುಟ್ಟಿದೆ ಎಂದರ್ಥ. ಆನ್ ಇದ್ದಾಗಲೇ ಕೇಬಲ್ ಕಳಚಿ ಹಾಕುವವರಿಗೆ ಇದು ಆಗುವ ಸಂಭವ ಹೆಚ್ಚು. ರಿಪೇರಿಗೆ ಇಷ್ಟು ಹೇಳಿ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಅರ್ತ್ ಸರಿಯಿದೆಯೇ ಎಂದು ನೋಡಲು ಒಂದು ಮಲ್ಟಿಮೀಟರ್ ಸಾಕು, ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿಯನ್ನು ಆಂಪ್ಲಿಫೈಯರ್‌ನ ಅರ್ತ್ ತಿರುಪಿಗೆ, ಉದ್ದ ವೈರ್ ಕಟ್ಟಿದ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಹಾಡು ಜೋರಾಗಿ ಓಡುತ್ತಿರುವಾಗ ಮೀಟರ್ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಮತ್ತೆ ಮಾಡಬೇಕು. ಗಟ್ಟಿ ಲೋಹದ ಜಾಗ ಆರಿಸಿ, ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ರಿಂಗ್ ಟರ್ಮಿನಲ್ ಹಾಕಿ ಬಿಗಿಯಿರಿ, ಮೇಲೆ ಪೇಂಟ್ ಅಥವಾ ಗ್ರೀಸ್ ಬಳಿದು ತುಕ್ಕು ತಡೆಯಿರಿ. ಕೊರೆಯುವ ಮುನ್ನ ಕೆಳಗೆ ಬಗ್ಗಿ ನೋಡಿ: ಬಹಳಷ್ಟು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೆ.

ಎಲ್ಲ ಸದ್ದೂ ಆಲ್ಟರ್ನೇಟರ್ ಸದ್ದಲ್ಲ

ಎಂಜಿನ್ ವೇಗಕ್ಕೆ ಬದಲಾಗದ 'ಸ್ಸ್' ಎಂಬ ಸದ್ದು: ಗೇನ್ ಹೆಚ್ಚಾಗಿದೆ. ಆಂಪ್ಲಿಫೈಯರ್ ಮೇಲಿನ ಗೇನ್ ತಿರುಪು ಎರಡನೇ ವಾಲ್ಯೂಮ್ ಅಲ್ಲ. ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು, ಗೇನನ್ನು ಕನಿಷ್ಠದಿಂದ ನಿಧಾನವಾಗಿ ಏರಿಸಿ, ದನಿ ಒಡೆಯುವ ಮುನ್ನವೇ ನಿಲ್ಲಿಸಿ.

ವೇಗದ ಜತೆ ಏರುವ 'ಟಿಕ್ ಟಿಕ್': ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ ಕಡೆಯದಿರಬಹುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಅಲ್ಲಿ ಈ ಅನುಮಾನ ಬೇಡ.

ಎಫ್‌ಎಂನಲ್ಲಿ ಮಾತ್ರ ಗರಗರ: ವಿವಿಧ ಭಾರತಿ 102.9ರಲ್ಲಿ ಗದ್ದಲ, ಬ್ಲೂಟೂತ್‌ನಲ್ಲಿ ಶುದ್ಧ ಎಂದಾದರೆ ಆಂಪ್ಲಿಫೈಯರ್ ಮುಟ್ಟಬೇಡಿ. ಆಂಟೆನಾ ಕನೆಕ್ಷನ್ ನೋಡಿ, ಡ್ಯಾಶ್‌ಕ್ಯಾಮ್, ಅಗ್ಗದ ಯುಎಸ್‌ಬಿ ಚಾರ್ಜರ್, ಹೊಸ ಎಲ್‌ಇಡಿ ಬಲ್ಬ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ.

ಸಬ್‌ವೂಫರ್ ಇದ್ದೂ ಬಾಸ್ ಇಲ್ಲ: ಯಾವುದೋ ಒಂದು ಸ್ಪೀಕರ್‌ನ ಪ್ಲಸ್, ಮೈನಸ್ ಅದಲುಬದಲಾಗಿದೆ. ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. 100 ಹರ್ಟ್ಜ್ ಸ್ವರದ ಅಲೆಯ ಉದ್ದ ಸುಮಾರು 3.4 ಮೀಟರ್. ಅಷ್ಟು ಉದ್ದದ ಎರಡು ವಿರುದ್ಧ ಅಲೆಗಳು ಚಿಕ್ಕ ಕಾರಿನೊಳಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಆಂಪ್ಲಿಫೈಯರ್‌ನಿಂದ ವೂಫರ್‌ನ ವೈರ್‌ಗಳನ್ನು ಕಳಚಿ, ಆ ತುದಿಗಳಿಗೆ 1.5 ವೋಲ್ಟ್‌ನ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿಸಿದಾಗ ಕೋನ್ ಹೊರಗೆ ಜಿಗಿಯಬೇಕು.

ವರ್ಷಗಳ ಕಾಲ ಸರಿಯಿದ್ದು ಈಗ ದಿಢೀರನೆ ಶುರುವಾದ ಸದ್ದು: ಆಲ್ಟರ್ನೇಟರ್‌ನ ಡಯೋಡ್ ಕೆಟ್ಟಿರಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಎಸಿ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಮ್ಯೂಸಿಕ್ ಸಿಸ್ಟಮ್ ಬಿಟ್ಟು ಗ್ಯಾರೇಜಿಗೆ ಹೋಗಿ. ಇಂದು ಸದ್ದು, ನಾಳೆ ಬ್ಯಾಟರಿ ಡೌನ್.

ಈಗ ಆ ಫಾರ್ವರ್ಡ್‌ಗಳನ್ನು ನೋಡೋಣ

"ಕೆಪಾಸಿಟರ್ ಹಾಕಿದರೆ ಸದ್ದು ಮಾಯ." ಬಹುಪಾಲು ಸುಳ್ಳು. ಅಂಗಡಿಯಲ್ಲಿ ತೋರಿಸುವ 1 ಫ್ಯಾರಡ್‌ನ ದೊಡ್ಡ ಕೆಪಾಸಿಟರ್ ಕೂರುವುದು ಪಾಸಿಟಿವ್ ದಾರಿಯಲ್ಲಿ. ಗದ್ದಲ ಬರುತ್ತಿರುವುದು ಅರ್ತ್ ಮತ್ತು ಆರ್‌ಸಿಎ ದಾರಿಯಲ್ಲಿ. ಬಾಸ್ ಹೊಡೆದಾಗ ಹೆಡ್‌ಲೈಟ್ ಮಂಕಾಗುವುದಕ್ಕೂ ಇದೇ ಮದ್ದು ಎನ್ನುತ್ತಾರೆ. ಆದರೆ ವೋಲ್ಟೇಜ್ 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಆ ಕೆಪಾಸಿಟರ್ ಕೊಡಬಲ್ಲದ್ದು 26 ಜೂಲ್ ಶಕ್ತಿ ಮಾತ್ರ. 400 ವ್ಯಾಟ್ ಎಳೆಯುವ ಆಂಪ್ಲಿಫೈಯರ್‌ಗೆ ಅದು ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಸಾಕು. ತಬಲಾದ ಒಂದು ಪೆಟ್ಟಿಗೆ ನೆರವಾದೀತು, ಇಡೀ ಹಾಡಿಗಲ್ಲ.

"ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ." ಅರ್ಧ ನಿಜ. ಇದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಲೂಪನ್ನು ಮುರಿಯುತ್ತದೆ, ಸದ್ದು ನಿಜವಾಗಿಯೂ ನಿಲ್ಲಬಹುದು. ಆದರೆ ಅಗ್ಗದವು ಬಾಸ್ ಕಡಿಮೆ ಮಾಡುತ್ತವೆ, ಕೆಟ್ಟ ಅರ್ತ್ ಹಾಗೇ ಉಳಿದು ಬಿಸಿಯಾಗುತ್ತಿರುತ್ತದೆ. ಇದು ಕೊನೆಯ ಉಪಾಯವಾಗಲಿ, ಮೊದಲನೆಯದಲ್ಲ.

"5000 ವ್ಯಾಟ್ ಆಂಪ್ಲಿಫೈಯರ್." ಡಬ್ಬದ ಮೇಲಿನ ಸಂಖ್ಯೆ ನಂಬಬೇಡಿ, ಆಂಪ್ಲಿಫೈಯರ್ ಮೇಲಿನ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸ್ ಇದ್ದರೆ, ಕಾರಿನ 14 ವೋಲ್ಟ್‌ನಲ್ಲಿ ಅದು ನಿರಂತರವಾಗಿ ಒಳಗೆ ತೆಗೆದುಕೊಳ್ಳಬಲ್ಲದ್ದು ಸುಮಾರು 420 ವ್ಯಾಟ್. ಕ್ಲಾಸ್ ಎಬಿ ಮಾದರಿಯಾದರೆ ಹೊರಗೆ ಬರುವುದು 250 ವ್ಯಾಟ್ ಆಸುಪಾಸು, ಕ್ಲಾಸ್ ಡಿ ಆದರೆ 340ರ ಆಸುಪಾಸು. ನಿಜಕ್ಕೂ 5000 ವ್ಯಾಟ್ ಬೇಕೆಂದರೆ 350 ಆಂಪಿಯರ್‌ಗೂ ಹೆಚ್ಚು ಕರೆಂಟ್ ಬೇಕು. ಸಣ್ಣ ಕಾರಿನ ಆಲ್ಟರ್ನೇಟರ್‌ಗೆ ಅದು ಸಾಧ್ಯವೇ ಇಲ್ಲ.

"ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದಿದ್ದರೆ ಅಸಲಿ ತಾಮ್ರ." ತಪ್ಪು. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ವೈರ್. ಅಲ್ಯೂಮಿನಿಯಂ ಕೂಡ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ. ಬಳಸಬಾರದೆಂದಿಲ್ಲ, ಆದರೆ ಅದೇ ಕರೆಂಟಿಗೆ ತಾಮ್ರಕ್ಕಿಂತ ದಪ್ಪದ ವೈರ್ ಬೇಕು.

"ಚಿನ್ನದ ಲೇಪನವಿದ್ದರೆ ಸೌಂಡ್ ಸೂಪರ್." ಚಿನ್ನಕ್ಕಿಂತ ತಾಮ್ರವೇ ಒಳ್ಳೆಯ ವಾಹಕ. ಚಿನ್ನದ ಲಾಭ ಒಂದೇ, ಅದು ತುಕ್ಕು ಹಿಡಿಯುವುದಿಲ್ಲ.

ಫ್ಯೂಸ್ ವಿಷಯ ಮಾತ್ರ ತಮಾಷೆಯಲ್ಲ

ಮೇಲಿನ ತಪ್ಪುಗಳಿಂದ ಹೋಗುವುದು ದುಡ್ಡು. ಫ್ಯೂಸ್ ತಪ್ಪಿನಿಂದ ಹೋಗುವುದು ಕಾರು, ಕೆಲವೊಮ್ಮೆ ಒಳಗಿದ್ದವರು. "12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ" ಎನ್ನುವುದು ನಿಜ. ಆದರೆ ಕಾರಿನ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಕೊಡುತ್ತದೆ. 500 ಆಂಪಿಯರ್ ಎಂದರೆ 12 ವೋಲ್ಟ್‌ನಲ್ಲಿ 6000 ವ್ಯಾಟ್, ಮೂರು ಗೀಸರ್‌ಗಳ ಶಾಖ. ಅದರ ಒಂದು ದೊಡ್ಡ ಪಾಲು ಹುಟ್ಟುವುದು ನೀವು ಕಾರ್ಪೆಟ್ ಕೆಳಗೆ ಎಳೆದ ವೈರ್‌ನಲ್ಲಿ.

ಶಾರ್ಟ್ ಹೇಗಾಗುತ್ತದೆ? ಬ್ಯಾಟರಿಯಿಂದ ಡಿಕ್ಕಿಗೆ ಹೋಗುವ ವೈರ್ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಲೋಹದ ಗೋಡೆಯ ತೂತಿನಿಂದ ನುಸುಳಬೇಕು. ಆ ಅಂಚು ಬ್ಲೇಡಿನಂತಿರುತ್ತದೆ. ನಮ್ಮ ರಸ್ತೆಗಳ ಹಂಪು, ಗುಂಡಿಗಳಲ್ಲಿ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹರಿದುಹೋಗುತ್ತದೆ. ಅಲ್ಲಿ ರಬ್ಬರ್ ಗ್ರೋಮೆಟ್ ಇರಲೇಬೇಕು. ಇನ್ನು ಮುಖ್ಯ ಫ್ಯೂಸ್ ಬ್ಯಾಟರಿಯಿಂದ 18 ಇಂಚಿನೊಳಗೆ ಇರಬೇಕು. ಆಂಪ್ಲಿಫೈಯರ್ ಮೇಲೆ ಹೇಗೂ ಫ್ಯೂಸ್ ಇದೆಯಲ್ಲ ಎಂದು ಇದನ್ನು ಬಿಡುವವರಿದ್ದಾರೆ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಅದಕ್ಕೂ ಮುಂಚಿನ ನಾಲ್ಕೈದು ಮೀಟರ್ ವೈರ್‌ಗೆ ರಕ್ಷಣೆ ಬ್ಯಾಟರಿ ಬಳಿಯ ಫ್ಯೂಸ್ ಮಾತ್ರ.

ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ. ದೊಡ್ಡದು ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ಎಂದರೆ ಎಚ್ಚರಿಸುವ ನಾಯಿಯ ಬಾಯಿ ಕಟ್ಟಿದಂತೆ. ಆ ವೈರ್ ಹೊರಬಲ್ಲ ಕರೆಂಟಿಗಿಂತ ದೊಡ್ಡ ಫ್ಯೂಸ್ ಎಂದೂ ಬೇಡ. ಸದ್ದು ಹುಡುಕಲು ಕೂತಾಗ ಈ ಮೂರನ್ನು ಮೊದಲು ನೋಡಿ: ಬ್ಯಾಟರಿ ಬಳಿ ಫ್ಯೂಸ್ ಇದೆಯೇ, ಗ್ರೋಮೆಟ್ ಇದೆಯೇ, ಯಾವ ವೈರಾದರೂ ಮುಟ್ಟಿದರೆ ಬಿಸಿಯಿದೆಯೇ?

ವೈರ್ ಕೆಲಸ ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಸೀಟ್ ಕೆಳಗೆ, ಸ್ಟೀರಿಂಗ್ ಬಳಿ ಕಾಣುವ ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗ್‌ನವು, ಅವನ್ನು ಮುಟ್ಟಬೇಡಿ. ಫ್ಯೂಸ್ ಹೋಗುವ ಕಾರಣ ಗೊತ್ತಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಅನುಭವಿ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸದ್ದನ್ನು ಮುಚ್ಚಲು ವಾಲ್ಯೂಮ್ ಏರಿಸಿದರೆ?

ಅನೇಕರು ಮಾಡುವುದು ಇದನ್ನೇ, ಬೆಲೆ ತೆರುವುದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ದಿನಾ ಒಂದು ಗಂಟೆ ಟ್ರಾಫಿಕ್‌ನಲ್ಲಿ ಕೂರುವವರಿಗೆ ಆ 4 ಗಂಟೆ ಗುರುವಾರಕ್ಕೇ ಮುಗಿಯುತ್ತದೆ.

ಅನ್ನಪೂರ್ಣೇಶ್ವರಿ ನಗರದ ಓದುಗರಿಗೆ ನಮ್ಮ ಉತ್ತರ ಇಷ್ಟೇ: ಕೆಪಾಸಿಟರ್ ಕೊಳ್ಳುವ ಮುನ್ನ ಆರ್‌ಸಿಎ ಕಳಚಿ ನೋಡಿ, ಅರ್ತ್ ಜಾಗದ ಪೇಂಟ್ ಕೆರೆಯಿರಿ, ಬ್ಯಾಟರಿ ಪಕ್ಕದ ಫ್ಯೂಸ್ ಎಣಿಸಿ. ಆ ಫಾರ್ವರ್ಡ್ ಮತ್ತೆ ಗುಂಪಿಗೆ ಬಂದರೆ, ಅದರ ಕೆಳಗೆ ಒಂದು ಸಾಲು ಸೇರಿಸಿ: ಫ್ಯೂಸ್ ಹೋದರೆ ಕಾರಣ ಹುಡುಕಿ, ದೊಡ್ಡ ಫ್ಯೂಸ್ ಹಾಕಬೇಡಿ.